ಅತ್ತೆಯನ್ನು ಸೋಲಿಸಿದ ಸಂಖ್ಯೆ

ನಾವು ಈಗಿರುವ ಅಟ್ಟೂರಿನ ಅಪಾರ್ಟ್‌ಮೆಂಟಿನಲ್ಲಿ ಕರೆಂಟ್ ಹೋದರೆ ಜನರೇಟರ್ ಶುರುವಾಗುವುದಕ್ಕೆ ಎಂಟು ಹತ್ತು ಸೆಕೆಂಡು ಹಿಡಿಯುತ್ತದೆ. ಫ್ಯಾನಿನ ರೆಕ್ಕೆಗಳು ಒಂದೊಂದಾಗಿ ಕಣ್ಣಿಗೆ ಕಾಣತೊಡಗುತ್ತವೆ, ಫ್ರಿಜ್ಜಿನ ಗೊಣಗಾಟ ನಿಲ್ಲುತ್ತದೆ, ಪಕ್ಕದ ಮನೆಯ ಟೀವಿಯೊಳಗೆ ಜಗಳವಾಡುತ್ತಿದ್ದವರು ಮಾತಿನ ಮಧ್ಯದಲ್ಲೇ ಸುಮ್ಮನಾಗುತ್ತಾರೆ. ನನ್ನ ಗಂಡ ಮೇಂಟೆನೆನ್ಸಿನವರಿಗೆ ಬೈಯಲು ಮೊಬೈಲು ಎತ್ತಿಕೊಳ್ಳುತ್ತಾರೆ. ನಾನು ಮಾತ್ರ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತೇನೆ. ಆ ಮೌನ ಬಿದ್ದ ಕೂಡಲೇ ನನ್ನ ಬಾಯಿಗೆ ತಾನಾಗಿಯೇ ಒಂದು ಸಂಖ್ಯೆ ಬರುತ್ತದೆ. ಎದುರಿನಿಂದ ಯಾರಾದರೂ ಇನ್ನೊಂದು ಸಂಖ್ಯೆ ಹೇಳಿಯಾರೆಂದು ಕಿವಿ ಕಾಯುತ್ತದೆ. ಯಾರೂ ಹೇಳುವುದಿಲ್ಲ. ಅಷ್ಟರಲ್ಲಿ ಕೆಳಗೆ ಜನರೇಟರ್ ಗುಡುಗುಡು ಎನ್ನುತ್ತದೆ, ಮನೆ ಮೊದಲಿನಂತಾಗುತ್ತದೆ.

ನಾನು ಬೆಳೆದದ್ದು ಯಲಹಂಕದ ಹಳೇ ಊರಿನಲ್ಲಿ, ಆರು ವಿದ್ಯುತ್ ಮಗ್ಗಗಳಿದ್ದ ಮನೆಯಲ್ಲಿ. ಮುಂದೆ ಹೆಂಚಿನ ಮನೆ, ಹಿಂದೆ ಶೀಟು ಹೊದಿಸಿದ ಉದ್ದನೆಯ ಶೆಡ್ಡು, ಎರಡರ ನಡುವೆ ಬಟ್ಟೆ ಒಗೆಯುವ ಕಲ್ಲು, ಒಂದು ನುಗ್ಗೆ ಮರ. ಬೆಳಿಗ್ಗೆ ಮಗ್ಗಗಳು ಶುರುವಾದವೆಂದರೆ ಅಡುಗೆಮನೆಯ ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದವು. ಏರ್‌ಫೋರ್ಸ್ ಸ್ಟೇಷನ್ನಿನ ವಿಮಾನ ತಲೆಯ ಮೇಲೆಯೇ ಹಾರಿದರೂ ನಮಗೆ ಕೇಳುತ್ತಿರಲಿಲ್ಲ, ಅದರ ನೆರಳು ಅಂಗಳ ದಾಟಿದಾಗ ತಲೆಯೆತ್ತುತ್ತಿದ್ದೆವು. ಹಸಿ ರೇಷ್ಮೆಯ ಗಂಜಿವಾಸನೆ, ಯಂತ್ರದ ಎಣ್ಣೆಯ ವಾಸನೆ, ಹನ್ನೊಂದು ಗಂಟೆಯ ಹೊತ್ತಿಗೆ ಅದರೊಳಗೆ ನುಗ್ಗುವ ಅಮ್ಮನ ಹುಳಿಯ ಒಗ್ಗರಣೆ, ಇವೆಲ್ಲ ಬೆರೆತು ನಮ್ಮ ಬಟ್ಟೆಗಳಿಗೆ ಹತ್ತಿಕೊಂಡಿರುತ್ತಿದ್ದವು. ಸ್ಕೂಲಿನಲ್ಲಿ ನನ್ನ ಪಕ್ಕ ಕೂತವರಿಗೆ ನಮ್ಮದು ಮಗ್ಗದ ಮನೆ ಎಂದು ಹೇಳಬೇಕಾಗಿಯೇ ಇರಲಿಲ್ಲ. ಮಾತಂತೂ ಎಲ್ಲರದೂ ಕೂಗು. ಇವತ್ತಿಗೂ ನಾನು ಫೋನಿನಲ್ಲಿ ಮಾತಾಡಿದರೆ ಎರಡು ಮನೆಯಾಚೆಗೆ ಕೇಳುತ್ತದೆಯಂತೆ. ಕೇಳಿದರೆ ಕೇಳಲಿ, ಇಷ್ಟು ವರ್ಷಕ್ಕೆ ಹೋಗದ್ದು ಇನ್ನು ಹೋಗುವುದಿಲ್ಲ.

ಶೆಡ್ಡಿನ ಕಿಟಕಿಯ ಪಕ್ಕದ ಜಾಗ ಸುಂದರತ್ತೆಯದು. ಅವಳು ಅಪ್ಪನ ಅಕ್ಕ. ಹದಿನೇಳಕ್ಕೆ ಮದುವೆಯಾಗಿ, ವರ್ಷ ತುಂಬುವುದರೊಳಗೆ ತವರಿಗೆ ವಾಪಸು ಬಂದವಳು. ಯಾಕೆ ಬಂದಳೆಂದು ಅವಳು ಹೇಳಲಿಲ್ಲ, ಮನೆಯಲ್ಲಿ ಯಾರೂ ಕೇಳಲಿಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಆರೂ ಮಗ್ಗಗಳು ಅವಳ ಕೈಯಲ್ಲಿದ್ದವು. ಸೀರೆಯ ಮೇಲೆ ಮೂಡುವ ಹೂವು, ಮಾವಿನಕಾಯಿ, ಹಂಸ ಎಲ್ಲವೂ ಮೊದಲು ಉದ್ದುದ್ದ ರಟ್ಟಿನ ಪಟ್ಟಿಗಳ ಮೇಲೆ ತೂತುಗಳಾಗಿ ಮೂಡಬೇಕು. ಆ ಪಟ್ಟಿಗಳನ್ನು ದಾರದಿಂದ ಒಂದಕ್ಕೊಂದು ಹೊಲಿದು ಸರಪಳಿ ಮಾಡಿ ಮಗ್ಗದ ನೆತ್ತಿಯ ಮೇಲೆ ಕೂರುವ ಜಕಾರ್ಡು ಎಂಬ ಯಂತ್ರಕ್ಕೆ ಏರಿಸುತ್ತಾರೆ. ನೇಯುವ ಒಂದೊಂದು ಎಳೆಗೆ ಒಂದೊಂದು ಪಟ್ಟಿ ತಿರುಗುತ್ತದೆ. ಪಟ್ಟಿಗೆ ತೂತು ಹೊಡೆಯುವವಳು ಅತ್ತೆ. ಚೌಕಳಿ ಕಾಗದದ ಮೇಲೆ ಒಂದು ಕಣ್ಣು, ರಟ್ಟಿನ ಮೇಲೆ ಒಂದು ಕಣ್ಣು, ಬಲಗೈಯಲ್ಲಿ ಸಣ್ಣ ಸುತ್ತಿಗೆ. ಬಾಯಲ್ಲಿ ಮಾತ್ರ ಒಂದು ಸಂಖ್ಯೆಗಳ ಸಾಲು, ಪದ ಹೇಳಿಕೊಳ್ಳುವವರ ಹಾಗೆ: ಎರಡು, ನಾಲ್ಕು, ಆರು, ಮೂರು, ಒಂಬತ್ತು, ಹನ್ನೆರಡು, ಎಂಟು, ಹತ್ತು, ಐದು, ಇಪ್ಪತ್ತು, ಹದಿನಾಲ್ಕು, ಏಳು, ಇಪ್ಪತ್ತೊಂದು, ಮೂವತ್ತು... ನಾನು ಎಣಿಸಲು ಕಲಿಯುವ ಮೊದಲೇ ಈ ಸಾಲು ಕಲಿತಿದ್ದೆ. ಒಂದನೇ ಕ್ಲಾಸಿನಲ್ಲಿ ಟೀಚರು ಎಣಿಸು ಎಂದಾಗ ಇದನ್ನೇ ಒಪ್ಪಿಸಿ ಬೆತ್ತದ ಏಟು ತಿಂದೆ.

ಸಂಖ್ಯೆಗಳ ನಂಟಿನ ಬಗ್ಗೆ ಅತ್ತೆಗೆ ಅಷ್ಟು ಗೊತ್ತಾದದ್ದು ಹೇಗೆಂದು ಒಂದು ಪ್ರಸಂಗ ಹೇಳಿದರೆ ನಿಮಗೂ ತಿಳಿಯುತ್ತದೆ. ನಮ್ಮಲ್ಲಿ ಸೀರೆಯ ಅಂಚಿಗೆ ಒಂದು ಜಕಾರ್ಡು, ಒಡಲಿಗೆ ಒಂದು ಜಕಾರ್ಡು. ಮೂರನೇ ಮಗ್ಗದಲ್ಲಿ ಅಂಚಿನ ಸರಪಳಿಗೆ ಇನ್ನೂರ ನಲವತ್ತು ಪಟ್ಟಿ, ಒಡಲಿಗೆ ಮುನ್ನೂರ ಅರವತ್ತು. ಏಳುನೂರ ಇಪ್ಪತ್ತು ಎಳೆಗೊಮ್ಮೆ ಎರಡೂ ಸರಪಳಿ ಒಟ್ಟಿಗೆ ತಿರುಗಿ ಮೊದಲಿಗೆ ಬರುತ್ತವೆ, ಅಂಚಿನ ಹಂಸದ ನೇರಕ್ಕೆ ಒಡಲಿನ ಹೂವು ಬಂದು ಕೂರುತ್ತದೆ. ಆ ಮಗ್ಗ ನೇಯುತ್ತಿದ್ದವರು ಬಾಷಾ ಮಾಮ. ಅಪ್ಪನಿಗಿಂತ ದೊಡ್ಡವರು, ನಾಲ್ಕು ಬೀದಿಯಾಚೆ ಮಸೀದಿಯ ಪಕ್ಕ ಅವರ ಮನೆ, ನನ್ನನ್ನು ಎತ್ತಿ ಆಡಿಸಿದವರು. ಒಂದು ದಿನ ಅಂಚಿನ ಪಟ್ಟಿಯೊಂದು ಹರಿಯಿತು. ಒಂದು ಪಟ್ಟಿ ಕಡಿಮೆಯಾದರೆ ಯಾರಿಗೆ ಗೊತ್ತಾಗುತ್ತದೆಂದು ಅವರು ಅದನ್ನು ಕಿತ್ತು ಉಳಿದದ್ದನ್ನು ಹೊಲಿದು ಓಡಿಸಿದರು. ಗೇಣುದ್ದ ನೇಯ್ದ ಮೇಲೆ ಹಂಸ ಒಂದು ಕಡೆ, ಹೂವು ಒಂದು ಕಡೆ. ಸರಿಹೋಗುತ್ತದೆಂದು ಮತ್ತೂ ನೇಯ್ದರು, ಇನ್ನೂ ದೂರವಾಯಿತು. ಅತ್ತೆ ಎದ್ದು ಬಂದು ಸರಪಳಿ ಎಣಿಸಲಿಲ್ಲ, ಸೀರೆಯನ್ನು ನೋಡಿ ಹೇಳಿದಳು: "ಒಂದು ಪಟ್ಟಿ ಕಿತ್ತಿದೀಯ ಬಾಷಾ. ಇನ್ನೂರ ಮೂವತ್ತೊಂಬತ್ತಕ್ಕೂ ಮುನ್ನೂರ ಅರವತ್ತಕ್ಕೂ ನಂಟೇ ಇಲ್ಲ. ಅವೆರಡೂ ಮತ್ತೆ ಸೇರ್ಬೇಕಾದ್ರೆ ಎಂಬತ್ತಾರು ಸಾವಿರ ಎಳೆ ಬೇಕು. ಐದು ಸೀರೆ ನೇಯ್ದ್ರೂ ಸೇರಲ್ಲ." ಬಾಷಾ ಮಾಮ ಕಿವಿ ಹಿಡಿದುಕೊಂಡರು. ಸ್ಕೂಲಿನಲ್ಲಿ ಮೇಷ್ಟ್ರು ಸಾಮಾನ್ಯ ಅಪವರ್ತನ ಎಂದು ಬೋರ್ಡಿನ ತುಂಬ ಬರೆಯುವಾಗ ಉಳಿದವರು ಆಕಳಿಸುತ್ತಿದ್ದರು. ನನಗೆ ಅದು ಬೇರೆ ಬೇರೆ ದಾರಿ ಹಿಡಿದ ಹಂಸ ಮತ್ತು ಹೂವು.

ಕರೆಂಟ್ ಹೋದಾಗ ಆಡುವ ಆಟ ಹುಟ್ಟಿದ್ದೂ ಇಲ್ಲೇ. ಆಗ ಬೇಸಿಗೆಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಕರೆಂಟ್ ತೆಗೆಯುತ್ತಿದ್ದರು. ಆರು ಮಗ್ಗ ಒಮ್ಮೆಗೇ ನಿಂತರೆ ಕಿವಿಯೊಳಗೆ ಗಾಳಿ ತುಂಬಿದಂತಾಗುತ್ತಿತ್ತು. ಎಲ್ಲರೂ ನೆಲದ ಮೇಲೆ ಕಾಲು ಚಾಚಿ ಕೂರುತ್ತಿದ್ದರು, ಅಮ್ಮ ಮಜ್ಜಿಗೆ ತರುತ್ತಿದ್ದಳು, ಒಬ್ಬರು ಒಂದು ಸಂಖ್ಯೆ ಹೇಳುತ್ತಿದ್ದರು. ಎದುರಿನವರು ಅದಕ್ಕೆ ನಂಟಿರುವ ಸಂಖ್ಯೆ ಹೇಳಬೇಕು, ಅಂದರೆ ಎರಡನ್ನೂ ನಿಶ್ಶೇಷವಾಗಿ ಭಾಗಿಸುವ ಒಂದು ಸಂಖ್ಯೆ ಇರಬೇಕು. ಒಂದು ಎಂಬುದು ಲೆಕ್ಕಕ್ಕಿಲ್ಲ. ಆದರೆ ಎರಡರಲ್ಲೂ ಒಂದೇ ಅಂಕಿ ಕಾಣಿಸಿಕೊಳ್ಳಬಾರದು. ಹನ್ನೆರಡಕ್ಕೆ ಹದಿನೈದು ನಡೆಯುವುದಿಲ್ಲ, ಮೂರರ ನಂಟಿದ್ದರೂ ಒಂದು ಎಂಬ ಅಂಕಿ ಎರಡರಲ್ಲೂ ಇದೆ. ಮೂವತ್ತೈದೂ ನಡೆಯುವುದಿಲ್ಲ, ಅಂಕಿ ಬೇರೆಯಾದರೂ ನಂಟಿಲ್ಲ. ಮೂವತ್ತು ಹೇಳಬಹುದು. ಅತ್ತೆಯ ಬಾಯಲ್ಲಿ ಇದು ಇನ್ನೂ ಚಿಕ್ಕದು: "ನಂಟಿರ್ಬೇಕು, ಮುಖ ಹೋಲ್ಬಾರ್ದು." ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವಂತಿಲ್ಲ. ಕಾಗದ, ಪೆನ್ಸಿಲು ಇಲ್ಲ. ಬಾಷಾ ಮಾಮ ಲಾಳಿಯಿಂದ ಮಗ್ಗದ ಕಂಬಕ್ಕೆ ಇಪ್ಪತ್ತು ಸಲ ಕುಟ್ಟುವುದರೊಳಗೆ ಉತ್ತರ ಬರಬೇಕು. ಸೋತವರು ಮರುದಿನ ಆಟ ಶುರು ಮಾಡಬೇಕು. ನಡುವೆ ಕರೆಂಟ್ ಬಂದರೆ ಆಟ ರದ್ದು, ಎಲ್ಲರೂ ಮಗ್ಗಕ್ಕೆ. ಅತ್ತೆ ಕೆಲಸ ಮಾಡುತ್ತ ಹೇಳಿಕೊಳ್ಳುತ್ತಿದ್ದ ಸಾಲೂ ಇದೇ ನೇಮದ್ದು, ಪ್ರತಿಸಲವೂ ನೇಮಕ್ಕೆ ಒಪ್ಪುವ, ಇನ್ನೂ ಬಳಸದ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಹೇಳುತ್ತ ಹೋಗುವುದು. ಜಗತ್ತಿನಲ್ಲಿ ಇಂಥ ಸಾಲುಗಳನ್ನೇ ಹುಡುಕಿ ಕೂಡಿಡುವ ಗಣಿತಜ್ಞರಿದ್ದಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ತಿಳಿದಾಗ ಆಶ್ಚರ್ಯವಾಗಲಿಲ್ಲ, ಹೆಮ್ಮೆಯಾಯಿತು. ಆ ಶೆಡ್ಡಿನಲ್ಲಿ ಅತ್ತೆಯನ್ನು ಸೋಲಿಸಿದವರು ಒಬ್ಬರೂ ಇರಲಿಲ್ಲ.

ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಗಣಿತಕ್ಕೆ ನೂರಕ್ಕೆ ತೊಂಬತ್ತೆಂಟು. ಯಶವಂತಪುರದ ಕಡೆಯ ಒಂದು ಕಾಲೇಜಿನಲ್ಲಿ ಪಿಯುಸಿ ಸೈನ್ಸ್ ಸೇರಬೇಕೆಂದು ನಾನು ಕುಣಿಯುತ್ತಿದ್ದೆ. ಅಪ್ಪನ ಲೆಕ್ಕ ಬೇರೆಯಿತ್ತು. ಅತ್ತೆಯ ಕಣ್ಣು ಮಂಜಾಗತೊಡಗಿತ್ತು, ಅವಳ ಪಕ್ಕ ಕೂತು ತೂತು ಹೊಡೆಯುವುದನ್ನು ಕಲಿಯಲು ಮನೆಯಲ್ಲಿ ಸಂಖ್ಯೆ ಗೊತ್ತಿದ್ದವಳು ನಾನೊಬ್ಬಳೇ. ಅಪ್ಪ ಕೆಟ್ಟವರಲ್ಲ. ಆರು ಮಗ್ಗ ಹೆಗಲ ಮೇಲಿದ್ದವರು ಯೋಚಿಸುವ ಹಾಗೆ ಯೋಚಿಸಿದರು, ಅಷ್ಟೆ. ನಾನು ಮೂರು ದಿನ ಊಟ ಬಿಟ್ಟೆ, ನಾಲ್ಕನೇ ದಿನ ಹಸಿವು ತಾಳಲಾರದೆ ತಿಂದೆ. ಮಂಗಳವಾರ ಮಧ್ಯಾಹ್ನ ಶೆಡ್ಡಿನಲ್ಲಿ ಎಲ್ಲರ ಮುಂದೆ ಮತ್ತೆ ಅತ್ತಾಗ ಅಪ್ಪನಿಗೆ ರೇಗಿತು. "ಅಷ್ಟ್ ಲೆಕ್ಕ ಬರುತ್ತೆ ಅಂತೀಯಲ್ಲ, ಅತ್ತೇನ ಸೋಲ್ಸು ನೋಡೋಣ. ಸೋಲ್ಸಿದ್ರೆ ಸೈನ್ಸ್ ಸೇರು ಹೋಗು" ಎಂದರು. ಅದು ಬಾಯಿ ಮುಚ್ಚಿಸಲು ಆಡಿದ ಮಾತು. ಆದರೆ ಹತ್ತು ಜನ ಕೇಳಿಸಿಕೊಂಡಿದ್ದರು, ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಅರ್ಜಿ ಕೊಡಲು ಶನಿವಾರ ಕೊನೆಯ ದಿನ. ನನಗೆ ಸಿಕ್ಕಿದ್ದು ಮೂರು ಮಧ್ಯಾಹ್ನ.

ಅತ್ತೆ ಬೇಕೆಂದೇ ಸೋಲುತ್ತಾಳೆಂದು ನಾನು ಒಳಗೊಳಗೇ ನಂಬಿದ್ದೆ. ಬುಧವಾರ ಬೆಳಿಗ್ಗೆ ಅವಳ ತಲೆಗೆ ಎಣ್ಣೆ ಹಚ್ಚುತ್ತ ಮೆಲ್ಲಗೆ ಕೇಳಿಯೂ ಬಿಟ್ಟೆ. ಅವಳು ಕತ್ತು ತಿರುಗಿಸಿ ನೋಡಿದಳು. "ನಾನು ಬಿಟ್ಟುಕೊಟ್ಟಿದ್ದನ್ನ ಇಟ್ಕೊಂಡು ಕಾಲೇಜಿಗೆ ಹೋಗ್ತೀಯೇನೇ? ಅಂಗೆಲ್ಲ ನನ್ ಕೈಲಿ ಆಗಲ್ಲ ಕಣೇ ಕುಸ್ಮಿ" ಎಂದಳು. ಅವತ್ತು ನಾನು ಚೆನ್ನಾಗಿಯೇ ಆಡಿದೆ, ನನ್ನ ಮೂವತ್ತನಾಲ್ಕಕ್ಕೆ ಅವಳು ಇನ್ನೂರ ಇಪ್ಪತ್ತೊಂದು ಎನ್ನುವವರೆಗೆ. ಲಾಳಿಯ ಸದ್ದು ಇಪ್ಪತ್ತು ಮುಟ್ಟಿದರೂ ನನಗೆ ಅದರ ಬುಡ ಸಿಗಲಿಲ್ಲ. "ಹದಿಮೂರು, ಹದಿನೇಳು. ಎರಡನ್ನೂ ಗುಣಿಸಿ ನೋಡು. ಮೂವತ್ತೊಂಬತ್ತು ಅಂದಿದ್ರೆ ಆಗ್ತಿತ್ತು" ಎಂದಳು ಅತ್ತೆ. ಗುರುವಾರ ನನ್ನ ಮೂವತ್ತಮೂರಕ್ಕೆ ಅವಳು ನಾನೂರ ಏಳು ಎಂದಳು. ಹನ್ನೊಂದರ ನಂಟು ನನಗೆ ತಟ್ಟನೆ ಹೊಳೆಯಿತು, ಖುಷಿಯಲ್ಲಿ ಎಪ್ಪತ್ತೇಳು ಎಂದು ಕಿರುಚಿದೆ. ನಾನೂರ ಏಳರಲ್ಲೂ ಏಳು ಇತ್ತು. ಶೆಡ್ಡಿನವರೆಲ್ಲ ಅಯ್ಯೋ ಎಂದರು, ಅಪ್ಪ ಕೂಡ. ನಾನು ಕಣ್ಣೊರೆಸಿಕೊಳ್ಳುತ್ತಿದ್ದಾಗ ಅತ್ತೆ ತನ್ನ ಸುತ್ತಿಗೆ ಎತ್ತಿಕೊಳ್ಳುತ್ತ ಹೇಳಿದಳು: "ಒಂದನ್ನ ಬಿಟ್ರೆ ಯಾವ ನಂಬರೂ ಒಂಟಿ ಅಲ್ಲ. ಎಂಥಾದ್ದಕ್ಕೂ ನೆಂಟರು ಇದ್ದೇ ಇರ್ತಾರೆ. ನೀನು ಹುಡುಕ್ಲಿಲ್ಲ ಅಷ್ಟೇ."

ಆ ಮಾತು ನನ್ನ ಮೈಯೆಲ್ಲ ಉರಿಸಿತು. ಶುಕ್ರವಾರ ಬೆಳಿಗ್ಗೆ ನುಗ್ಗೆ ಮರದ ಕೆಳಗೆ ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದೆ. ಯಾವ ನಂಬರೂ ಒಂಟಿಯಲ್ಲವೆಂದು ಇವಳಿಗೆ ಯಾರು ಹೇಳಿದರು? ಎಲ್ಲ ನಂಬರುಗಳನ್ನೂ ನೋಡಿಕೊಂಡು ಬಂದಿದ್ದಾಳೇನು? ಹೀಗೆ ಮನಸ್ಸಿನಲ್ಲೇ ಜಗಳವಾಡುತ್ತಿದ್ದಾಗ ಐದರ ಮಗ್ಗಿ ನೆನಪಾಯಿತು. ಐದು, ಹತ್ತು, ಹದಿನೈದು, ಇಪ್ಪತ್ತು. ಐದರ ನೆಂಟರೆಲ್ಲ ಸೊನ್ನೆಯಲ್ಲಿ ಮುಗಿಯಬೇಕು, ಇಲ್ಲವೇ ಐದರಲ್ಲಿ ಮುಗಿಯಬೇಕು, ಬೇರೆ ಬಾಗಿಲಿಲ್ಲ. ಹಾಗಾದರೆ ಐದನ್ನು ಬಿಟ್ಟು ಇನ್ನಾವುದರ ನಂಟೂ ಇಲ್ಲದ, ಬರೀ ಐದನ್ನೇ ಗುಣಿಸಿ ಮಾಡಿದ ಸಂಖ್ಯೆಯೊಂದರಲ್ಲಿ ಸೊನ್ನೆಯೂ ಐದೂ ಎರಡೂ ಇದ್ದುಬಿಟ್ಟರೆ? ಎರಡು ಬಾಗಿಲೂ ಮುಚ್ಚಿಹೋಗುತ್ತವೆ. ಅದಕ್ಕೆ ಉತ್ತರ ಹೇಳಲು ಯಾರಿಂದಲೂ ಆಗುವುದಿಲ್ಲ. ಕಂಡಿಕೆ ಅಲ್ಲೇ ಬಿಸಾಕಿ, ಹಳೇ ನೋಟ್‌ಬುಕ್ಕಿನ ಹಿಂದಿನ ಪುಟಕ್ಕೆ ಹೋದೆ. 5, 25, 125, 625. ಸೊನ್ನೆಯಿಲ್ಲ. 3125, ಇಲ್ಲ. 15625, ಇಲ್ಲ. 78125, ಇಲ್ಲ. ಇನ್ನೊಮ್ಮೆ ಗುಣಿಸಿದೆ. 390625. ಆ ಸೊನ್ನೆ ಅಲ್ಲಿ, ಒಂಬತ್ತರ ಪಕ್ಕದಲ್ಲಿ, ನನಗಾಗಿಯೇ ಬಂದು ಕೂತಿತ್ತು. ಮೊದಲಿನಿಂದ ಇನ್ನೂ ಎರಡು ಸಲ ಗುಣಿಸಿ ನೋಡಿದೆ, ಅದೇ ಬಂತು. ಇಂಥ ಸಂಖ್ಯೆ ಆಟದ ನಡುವೆ ಬರಲು ಸಾಧ್ಯವಿಲ್ಲ, ಅದರಿಂದ ಹೊರಗೆ ದಾರಿಯಿಲ್ಲದ ಹಾಗೆ ಒಳಗೂ ದಾರಿಯಿಲ್ಲ. ಆಟ ಶುರು ಮಾಡುವವರು ಮಾತ್ರ ಹೇಳಬಹುದು. ಗುರುವಾರ ಸೋತವಳು ನಾನು, ಶುಕ್ರವಾರ ಶುರು ಮಾಡಬೇಕಾದವಳೂ ನಾನೇ.

ಒಂದು ಮಾತನ್ನು ಮುಚ್ಚಿಡುವುದಿಲ್ಲ. ಆ ಮಧ್ಯಾಹ್ನದವರೆಗೂ ನನಗೆ ಒಳಗೆ ಅಳುಕಿತ್ತು. ಒಂಟಿ ನಂಬರೇ ಇಲ್ಲವೆಂದು ಹೇಳುವಾಗ ಅತ್ತೆಯ ದನಿಯಲ್ಲಿದ್ದ ಖಚಿತತೆ ನನಗೆ ಗೊತ್ತಿತ್ತು. ಇಪ್ಪತ್ತೈದು ವರ್ಷ ತಮ್ಮನ ಮನೆಯ ಕಿಟಕಿಯ ಪಕ್ಕ ಕೂತು ಅವಳು ನಂಬಿಕೊಂಡು ಬಂದ ಮಾತು ಅದು. ಅದನ್ನು ನಾನು, ಅವಳ ತೊಡೆಯ ಮೇಲೆ ಬೆಳೆದವಳು, ಎಲ್ಲರೆದುರು ಸುಳ್ಳು ಮಾಡಬೇಕಿತ್ತು. ಆದರೂ ಮಾಡಿದೆ. ಹದಿನೈದು ವರ್ಷದವಳಿಗೆ ಕಾಲೇಜು ಬೇಕಿತ್ತು.

ಎರಡು ಗಂಟೆಗೆ ಕರೆಂಟ್ ಹೋಯಿತು. ಮಗ್ಗಗಳು ನಿಂತವು, ಎಲ್ಲರೂ ಸುತ್ತ ಕೂತರು, ಅಮ್ಮ ಮಜ್ಜಿಗೆಯ ಚೊಂಬು ಹಿಡಿದು ಬಾಗಿಲಲ್ಲೇ ನಿಂತಳು. ನಾನು ಒಂದೇ ಉಸಿರಿಗೆ ಹೇಳಿದೆ: "ಮೂರು ಲಕ್ಷ ತೊಂಬತ್ತು ಸಾವಿರದ ಆರುನೂರ ಇಪ್ಪತ್ತೈದು." ಎಲ್ಲರೂ ಗೊಳ್ಳೆಂದು ನಕ್ಕರು. ನಮ್ಮ ಆಟದಲ್ಲಿ ಸಾವಿರ ದಾಟಿದವರೇ ಇರಲಿಲ್ಲ. "ಅರೇ ಬೇಟಿ, ಇದೇನ್ ನಂಬರಾ, ಲಾಟ್ರಿ ಟಿಕೇಟಾ?" ಎಂದು ಬಾಷಾ ಮಾಮ ಲಾಳಿ ಎತ್ತಿಕೊಂಡು ಕುಟ್ಟತೊಡಗಿದರು. ಅತ್ತೆಯೂ ನಗುತ್ತಲೇ ಕಣ್ಣು ಮುಚ್ಚಿದಳು. ಐದಾಯಿತು, ಎಂಟಾಯಿತು. ಅವಳ ನಗು ಮುಖದಲ್ಲೇ ಇತ್ತು, ಆದರೆ ತುಟಿ ಅಲುಗಾಡುವುದು ನಿಂತಿತ್ತು. ಹನ್ನೆರಡರ ಹೊತ್ತಿಗೆ ಬಾಷಾ ಮಾಮನ ಕೈ ತಾನಾಗಿಯೇ ನಿಧಾನವಾಯಿತು. ಅತ್ತೆ ಅಷ್ಟು ಹೊತ್ತು ಸುಮ್ಮನಿದ್ದುದನ್ನು ಅವರು ಯಾವತ್ತೂ ಕಂಡಿರಲಿಲ್ಲ. ಇಪ್ಪತ್ತು ಆದ ಕೂಡಲೇ ಅಪ್ಪ ನಡುವೆ ಬಾಯಿ ಹಾಕಿದರು. ಇಷ್ಟು ದೊಡ್ಡ ನಂಬರಿಗೆ ಇಪ್ಪತ್ತು ಸಾಲುವುದಿಲ್ಲ, ಅಕ್ಕನಿಗೆ ಇನ್ನಷ್ಟು ಹೊತ್ತು ಕೊಡಬೇಕು ಎಂದರು. ನಾನು ಕೊಡಿ ಎಂದೆ. ಎಷ್ಟು ಬೇಕಾದರೂ ಕೊಡಬಹುದಿತ್ತು.

ಆಗಲೇ, ಎರಡೂಕಾಲು ಕೂಡ ಆಗಿರಲಿಲ್ಲ, ಕರೆಂಟ್ ಬಂದುಬಿಟ್ಟಿತು. ಶೆಡ್ಡಿನ ಟ್ಯೂಬ್‌ಲೈಟುಗಳು ಮಿನುಗಿ ಹತ್ತಿದವು. ಆ ಬೇಸಿಗೆಯಲ್ಲಿ ಒಂದು ದಿನವೂ ಹಾಗಾಗಿರಲಿಲ್ಲ. ಅಪ್ಪನ ಮುಖದಲ್ಲಿ ಎಂಥ ನೆಮ್ಮದಿ ಮೂಡಿತೆಂದರೆ, ಇವತ್ತಿಗೂ ಆ ಒಂದು ಕ್ಷಣಕ್ಕೆ ಅವರನ್ನು ನಾನು ಪೂರ್ತಿ ಕ್ಷಮಿಸಿಲ್ಲ. "ಕರೆಂಟ್ ಬಂತು, ಆಟ ರದ್ದು. ಏಳ್ರಪ್ಪ, ಮಗ್ಗ ಹಾಕಿ" ಎಂದು ಎದ್ದರು. ಕೆಲಸದವರು ಒಬ್ಬೊಬ್ಬರಾಗಿ ಎದ್ದರು. ಮೊದಲ ಮಗ್ಗ ತಟಕ್ ಎಂದಿತು, ಎರಡನೆಯದೂ ಎಂದಿತು. ಅತ್ತೆ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗ್ಗಗಳ ಸಾಲಿನ ನಡುವೆ ನಡೆದು, ಗೋಡೆಯ ಮೇಲಿನ ಮೇನ್ ಸ್ವಿಚ್ಚಿನ ಹಿಡಿಯನ್ನು ಎರಡೂ ಕೈಯಿಂದ ಕೆಳಗೆಳೆದಳು. ಆ ಮನೆಯಲ್ಲಿ ಇರುವ ಕರೆಂಟನ್ನು ಯಾರಾದರೂ ತೆಗೆದದ್ದು ಅದೇ ಮೊದಲು.

"ಅಕ್ಕಾ, ಆರ್ಡರ್ ಐತೆ" ಎಂದರು ಅಪ್ಪ.

"ಸುಮ್ನಿರೋ. ನಾನು ಗೆದ್ನೋ ಸೋತ್ನೋ ನಾನು ಹೇಳ್ಬೇಕು, ಕರೆಂಟಿನವ್ರಲ್ಲ" ಎಂದಳು ಅತ್ತೆ.

ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತು ಗಟ್ಟಿಯಾಗಿ ಲೆಕ್ಕ ಮಾಡತೊಡಗಿದಳು. ಐದರಿಂದ ಭಾಗಿಸಲು ಅವಳದೊಂದು ವರಸೆಯಿತ್ತು, ಎರಡರಷ್ಟು ಮಾಡಿ ಕೊನೆಯ ಸೊನ್ನೆ ತೆಗೆಯುವುದು. ಏಳು ಲಕ್ಷ ಎಂಬತ್ತೊಂದು ಸಾವಿರದ ಇನ್ನೂರ ಐವತ್ತು, ಸೊನ್ನೆ ತೆಗೆ, ಎಪ್ಪತ್ತೆಂಟು ಸಾವಿರದ ನೂರ ಇಪ್ಪತ್ತೈದು. ಮತ್ತೆ ಎರಡರಷ್ಟು, ಮತ್ತೆ ಸೊನ್ನೆ ತೆಗೆ, ಹದಿನೈದು ಸಾವಿರದ ಆರುನೂರ ಇಪ್ಪತ್ತೈದು. ಮೂರು ಸಾವಿರದ ನೂರ ಇಪ್ಪತ್ತೈದು. ಆರುನೂರ ಇಪ್ಪತ್ತೈದು. ಅಲ್ಲಿಗೆ ನಿಲ್ಲಿಸಿದಳು, ಮುಂದಿನದು ಅವಳಿಗೆ ಗೊತ್ತಿತ್ತು. "ಬರೀ ಐದು" ಎಂದಳು. ಆಮೇಲೆ ಬೆರಳಿನಿಂದ ಗಾಳಿಯಲ್ಲಿ ಆ ಸಂಖ್ಯೆಯನ್ನು ಬರೆದು, ಸೊನ್ನೆಯ ಹತ್ತಿರ ಬೆರಳು ನಿಲ್ಲಿಸಿ ನನ್ನ ಕಡೆ ನೋಡಿದಳು. "ಸೊನ್ನೇನೂ ಇದರೊಳಗೇ ಐತೆ, ಐದೂ ಇದರೊಳಗೇ ಐತೆ. ಇದಕ್ಕೆ ಯಾರೂ ಇಲ್ಲ ಕಣ್ರೋ" ಎಂದಳು. ಮಗ್ಗ ಓಡುವಾಗ ಮಾತಾಡುವಷ್ಟೇ ಗಟ್ಟಿಯಾಗಿ, ಆ ನಿಶ್ಶಬ್ದದಲ್ಲಿ ಹೇಳಿದಳು: "ನಾನು ಸೋತೆ!"

ಬಾಷಾ ಮಾಮ ಲಾಳಿಯನ್ನು ಮೇಲಕ್ಕೆಸೆದು ಹಿಡಿದರು. ಯಾರೋ ಶಿಳ್ಳೆ ಹಾಕಿದರು. ಅಮ್ಮನ ಕೈಯ ಚೊಂಬು ಓರೆಯಾಗಿ ಮಜ್ಜಿಗೆ ನೆಲಕ್ಕೆ ಸುರಿಯುತ್ತಿತ್ತು, ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಅತ್ತೆ ಬಂದು ನನ್ನ ಎರಡೂ ಭುಜ ಹಿಡಿದಳು. "ಇದನ್ನ ಯಾರು ಹೇಳ್ಕೊಟ್ರು ನಿಂಗೆ?" ಯಾರೂ ಇಲ್ಲ, ಬೆಳಿಗ್ಗೆ ನುಗ್ಗೆ ಮರದ ಕೆಳಗೆ ನಾನೇ ಕಂಡುಹಿಡಿದೆ ಎಂದೆ. ಅವಳು ನನ್ನ ಬೆನ್ನಿಗೆ ಒಂದು ಗುದ್ದಿದಳು ನೋಡಿ, ಎರಡು ದಿನ ನೋವಿತ್ತು. ಅವಳು ನಕ್ಕದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಆದರೆ ಆ ನಗು ಬೇರೆ. ನನ್ನಿಂದ ಅವಳಿಗೆ ನೋವಾದೀತೆಂದು ಹೆದರಿದ್ದೆನಲ್ಲ, ನಾನು ಎಂಥ ದಡ್ಡಿ. ಅಷ್ಟು ವರ್ಷ ಎದುರಾಳಿಯೇ ಇಲ್ಲದೆ ಆಡುತ್ತಿದ್ದವಳಿಗೆ ಅವತ್ತು ಒಬ್ಬಳು ಸಿಕ್ಕಿದ್ದಳು. ಅಪ್ಪ ಒಳಗೆ ಹೋದರು. ಕನ್ನಡಕ ಹುಡುಕಿಕೊಂಡು ಬಂದು, ಅರ್ಜಿ ಎಲ್ಲಿ ಕೊಡು ಎಂದರು. ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ, ನನ್ನ ತಲೆ ಸವರಿದರು. ಅವರು ಸೋತದ್ದೂ ಚೆನ್ನಾಗಿಯೇ ಸೋತರು.

ಶನಿವಾರ ಅತ್ತೆಯೇ ನನ್ನ ಜೊತೆ ರೈಲಿನಲ್ಲಿ ಯಶವಂತಪುರಕ್ಕೆ ಬಂದಳು. ಸ್ವಂತ ಕೈಯಿಂದ ಪಟ್ಟಿಗೆ ತೂತು ಹೊಡೆದು ಮೂಡಿಸಿದ ಹಂಸದಂಚಿನ ಸೀರೆ ಉಟ್ಟಿದ್ದಳು. ತೂತು ಹೊಡೆಯುವ ಕೆಲಸವನ್ನು ಆಮೇಲೆ ಬಾಷಾ ಮಾಮ ಕಲಿತರು. ಮೊದಲ ತಿಂಗಳು ಅವರು ಮಾಡಿದ ಹಂಸಗಳೆಲ್ಲ ಬಾತುಕೋಳಿಗಳಾದವು, ಅತ್ತೆ ತಾನು ಸಾಯುವವರೆಗೂ ಅದಕ್ಕೆ ಅವರನ್ನು ರೇಗಿಸಿದಳು. ನಾನು ಓದಿದೆ. ಈಗ ಆರ್.ಟಿ. ನಗರದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತೇನೆ. ಆ ಶೆಡ್ಡು ಈಗಿಲ್ಲ. ಮಗ್ಗಗಳು ಒಂದೊಂದಾಗಿ ನಿಂತವು, ಗುಜರಿಯವರು ಬಂದು ಬಿಚ್ಚಿಕೊಂಡು ಹೋದರು, ಆ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿದೆ. ನುಗ್ಗೆ ಮರವಿದ್ದ ಕಡೆ ಯಾರದೋ ಕಾರು ನಿಲ್ಲುತ್ತದೆ. ಅಪ್ಪ, ಅಮ್ಮ, ಬಾಷಾ ಮಾಮ ಒಬ್ಬರ ಹಿಂದೆ ಒಬ್ಬರು ಹೋದರು. ಅತ್ತೆ ಎಲ್ಲರಿಗಿಂತ ಮೊದಲು ಹೋದಳು, ಕಣ್ಣು ಪೂರ್ತಿ ಮಂಜಾದ ಮೇಲೆ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ್ದಲ್ಲೇ. ಇದನ್ನೆಲ್ಲ ಬರೆಯುವಾಗ ಅಳು ಬರುತ್ತದೆ, ಬರಲಿ. ಆದರೆ ಅವಳ ಕಥೆ ಅಲ್ಲಿಗೆ ಮುಗಿಯಿತೆಂದು ನೀವು ತಿಳಿಯಬಾರದು.

ಕಾಲೇಜು ಶುರುವಾದ ಮೊದಲ ವಾರ. ಸಂಜೆಯ ಪ್ಯಾಸೆಂಜರ್ ರೈಲು ಯಲಹಂಕಕ್ಕೆ ಬಂದು ನಿಂತಿತು. ಇಳಿದರೆ ಪ್ಲಾಟ್‌ಫಾರಮ್ಮಿನ ಕಲ್ಲುಬೆಂಚಿನ ಮೇಲೆ ಸುಂದರತ್ತೆ. ಅವಳು ಯಾರನ್ನೂ ಎದುರುಗೊಳ್ಳಲು ಸ್ಟೇಷನ್ನಿಗೆ ಬರುವವಳಲ್ಲ, ಮನೆಯಲ್ಲಿ ಏನೋ ಆಗಿದೆಯೆಂದು ಅವಳ ಹತ್ತಿರ ಓಡಿದೆ. ಕಾಲೇಜು ಹೇಗಿದೆ, ಊಟ ಮಾಡಿದೆಯಾ, ಏನೂ ಕೇಳಲಿಲ್ಲ. ಒಂದು ರಟ್ಟಿನ ಪಟ್ಟಿಯನ್ನು ನನ್ನ ಕೈಗಿಟ್ಟಳು. ಅದರ ಮೇಲೆ ಪೆನ್ಸಿಲಿನಲ್ಲಿ, ಹಿಡಿತ ತಪ್ಪಿದ ದೊಡ್ಡ ದೊಡ್ಡ ಅಂಕಿಗಳಲ್ಲಿ ಎರಡು ಸಾಲು: 244140625, 1220703125. ನಾನು ಕಾಲೇಜಿಗೆ ಹೊರಟ ದಿನದಿಂದ ಅವಳು ನನ್ನ ಸಂಖ್ಯೆಯನ್ನು ಹಿಡಿದು ಮತ್ತೆ ಮತ್ತೆ ಐದರಿಂದ ಗುಣಿಸುತ್ತ ಹೋಗಿದ್ದಳು. ಮೂರು ಸಲ ಸೊನ್ನೆ ಬರಲಿಲ್ಲವಂತೆ. ನಾಲ್ಕನೇ ಸಲ ಬಂತಂತೆ, ಅದರ ಬೆನ್ನಿಗೇ ಐದನೇ ಸಲವೂ ಬಂತಂತೆ.

"ಇಪ್ಪತ್ತನಾಲ್ಕು ಕೋಟಿ ಕಣೇ! ಅದರ ಪಕ್ಕದಲ್ಲೇ ನೂರ ಇಪ್ಪತ್ತೆರಡು ಕೋಟಿ" ಎಂದಳು. "ನೀನು ಕಂಡುಹಿಡಿದಿದ್ದು ಒಂದು. ನಾನು ಎರಡು. ಈಗ ಹೇಳು, ಗೆದ್ದಿದ್ದು ಯಾರು?"

ನಾನು ಬೆಂಚಿನ ಮೇಲೆ ಕೂತು, ಬ್ಯಾಗಿನಿಂದ ಹೊಸ ನೋಟ್‌ಬುಕ್ ತೆಗೆದು, ಅದರ ಮೊದಲ ಪುಟದಲ್ಲೇ ಗುಣಿಸಿ ನೋಡಿದೆ. ಎರಡೂ ಸರಿಯಿದ್ದವು. ನೀನೇ ಗೆದ್ದದ್ದು ಅತ್ತೆ ಎಂದೆ. ಅವಳು ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನಿಂದ ಒರೆಸಿ, ಕಂಕುಳಲ್ಲಿ ಇಟ್ಟುಕೊಂಡು ಮುಂದೆ ನಡೆದಳು. ಹಳೇ ಊರಿನ ಬೀದಿಯುದ್ದಕ್ಕೂ ಹೂವಿನವರು, ತರಕಾರಿಯವರು, ಮಗ್ಗದವರು ಎಲ್ಲರೂ ಇದ್ದರು. ಅವಳು ಯಾರ ಕಡೆಗೂ ತಿರುಗಲಿಲ್ಲ, ತಲೆ ಎತ್ತಿ, ಇನ್ನೊಂದು ಕೈ ಬೀಸಿಕೊಂಡು, ಬೀದಿಯ ಮಧ್ಯದಲ್ಲೇ ನಡೆದಳು. ನಾನು ಅವಳ ಹೆಜ್ಜೆ ಹಿಡಿಯಲು ಹಿಂದೆ ಓಡುತ್ತಿದ್ದೆ. ಅವತ್ತು ಸುಂದರತ್ತೆ ನಡೆದದ್ದನ್ನು ನೀವು ನೋಡಬೇಕಿತ್ತು. ನೋಡಿದವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ.